‘ಗಿವ್ ಅಪ್’: ಒಂದು ಮಾತಿನ ಚರಿತ್ರೆ

ಇಂಗ್ಲೆಂಡಿನಲ್ಲಿ ಸ್ಟೀಫನ್ ದೊರೆ ಆಳುತ್ತಿದ್ದ ಕಾಲ. 1139ರಲ್ಲಿ ಆತ ಸಾಲ್ಸ್‌ಬರಿಯ ಬಿಷಪ್ ರೋಜರನನ್ನೂ ಲಿಂಕನ್ನಿನ ಬಿಷಪ್ ಅಲೆಗ್ಸಾಂಡರನನ್ನೂ ಆಕ್ಸ್‌ಫರ್ಡಿನಲ್ಲಿ ಸೆರೆಹಿಡಿಸಿದ. ತಮ್ಮ ಕೋಟೆಗಳನ್ನು ಒಪ್ಪಿಸುವವರೆಗೆ ಅವರಿಗೆ ಬಿಡುಗಡೆಯಿರಲಿಲ್ಲ. ಈ ಸಂಗತಿಯನ್ನು ಪೀಟರ್‌ಬರೊ ಮಠದ ಸಂನ್ಯಾಸಿಯೊಬ್ಬ ಬರೆದಿಟ್ಟಿದ್ದಾನೆ. ಅವನ ವೃತ್ತಾಂತ 1154ರ ಘಟನೆಗಳೊಂದಿಗೆ ಮುಗಿಯುತ್ತದೆ. ಕೋಟೆಗಳನ್ನು ಒಪ್ಪಿಸಿದರು ಎನ್ನಲು ಅವನು ಬಳಸಿರುವ ಮಾತು ಇಂದಿನ ‘ಗಿವ್ ಅಪ್’ ಎಂಬುದರ ಪೂರ್ವರೂಪ. ‘ಫ್ರೇಸಲ್ ವರ್ಬ್’ ಎಂದು ಈಗ ಕರೆಯುವ ಜೋಡು ಕ್ರಿಯಾಪದಗಳ ಹಳೆಯ ನಿದರ್ಶನಗಳಲ್ಲಿ ಇದೂ ಒಂದು.

ಅದಕ್ಕೂ ಹಿಂದಿನ ಇಂಗ್ಲಿಷು, ಸಂಸ್ಕೃತದಂತೆ, ಧಾತುವಿಗೆ ಉಪಸರ್ಗ ಸೇರಿಸಿ ಹೊಸ ಅರ್ಥಗಳನ್ನು ಪಡೆಯುತ್ತಿತ್ತು. ಕ್ರಮೇಣ ಆ ಉಪಸರ್ಗಗಳಲ್ಲಿ ಹಲವು ಸವೆದುಹೋದವು. ‘ಅಪ್’, ‘ಔಟ್’, ‘ಆಫ್’ ಮೊದಲಾದ ಕಿರುಪದಗಳು ಕ್ರಿಯಾಪದದ ಬೆನ್ನಿಗೆ ಬಂದು ನಿಂತವು.

‘ಅಪ್’ ಎಂದರೆ ಮೇಲಕ್ಕೆ. ಕೋಟೆಯನ್ನು ಕೊಟ್ಟಾಗ ಮೇಲಕ್ಕೆ ಹೋದುದು ಯಾವುದು? ಯಾವುದೂ ಇಲ್ಲ. ಇಲ್ಲಿ ಆ ಪದ ದಿಕ್ಕನ್ನು ಮರೆತು ಪೂರ್ಣತೆಯನ್ನು ಹೇಳುತ್ತದೆ. ‘ಈಟ್ ಅಪ್’ ಎಂದರೆ ತಿಂದುಬಿಡು, ‘ಡ್ರಿಂಕ್ ಅಪ್’ ಎಂದರೆ ಕುಡಿದುಬಿಡು. ನಮ್ಮ ‘ಬಿಡು’ ಕೂಡ ಇಂತಹ ಕಡೆ ತೊರೆಯುವ ಅರ್ಥವನ್ನು ತಾನೇ ತೊರೆದಿದೆಯಷ್ಟೆ!

ಇನ್ನೊಂದು ಪಲ್ಲಟ ಇದಕ್ಕಿಂತ ಸೂಕ್ಷ್ಮವಾದುದು. ಕೋಟೆಯನ್ನು ಕೊಟ್ಟಾಗ ಪಡೆಯಲು ದೊರೆಯಿದ್ದ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಪ್ರಾಣ ಬಿಡುವುದಕ್ಕೂ ಇದೇ ಮಾತು. ಅಲ್ಲಿ ಪಡೆಯುವವನು ದೇವರೆಂದು ಭಾವಿಸಬಹುದು. ಆದರೆ ಆಸೆಯನ್ನೋ ಹೊಗೆಸೊಪ್ಪನ್ನೋ ‘ಗಿವ್ ಅಪ್’ ಮಾಡಿದಾಗ ಅದನ್ನು ಪಡೆಯುವವರು ಯಾರು? ಕೊಡುವ ಕ್ರಿಯೆ ಉಳಿಯಿತು, ಕೈಯೊಡ್ಡಿದವನು ಮರೆಯಾದ. ಇಂತಹ ಕ್ರಿಯಾಪದಗಳೇ ಪರಭಾಷಿಕರಿಗೆ ಅತ್ಯಂತ ಕಠಿನವೆಂದು ಡಾಕ್ಟರ್ ಜಾನ್ಸನ್ 1755ರಲ್ಲಿ ತನ್ನ ನಿಘಂಟಿನ ಮುನ್ನುಡಿಯಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಇಂಗ್ಲಿಷು ಒಂದೇ ಮಾತಿನಲ್ಲಿ ಅಡಗಿಸಿದುದನ್ನು ಕನ್ನಡ ಬೇರೆಬೇರೆಯಾಗಿ ಇಟ್ಟಿದೆ. ಪಡೆಯುವವನಿದ್ದರೆ ‘ಬಿಟ್ಟುಕೊಡು’, ಇಲ್ಲದಿದ್ದರೆ ‘ಬಿಟ್ಟುಬಿಡು’, ಸೋತು ಕುಳಿತರೆ ‘ಕೈಚೆಲ್ಲು’. ಅನುವಾದಕನು ಇವುಗಳಲ್ಲೊಂದನ್ನು ಆರಿಸಲೇಬೇಕು. ಆರಿಸುವಾಗ ಚರಿತ್ರೆಯ ತೀರ್ಪನ್ನೂ ಕೊಟ್ಟಿರುತ್ತಾನೆ. ಆ ಬಿಷಪ್ಪರು ಕೋಟೆಗಳನ್ನು ‘ಬಿಟ್ಟುಬಿಟ್ಟರು’ ಎಂದು ಬರೆದರೆ ಅವರು ವಿರಕ್ತರಾಗಿ ತೋರುತ್ತಾರೆ. ‘ಬಿಟ್ಟುಕೊಟ್ಟರು’ ಎಂದರೆ ಮಾತ್ರ ಸೆರೆಮನೆಯ ಬಾಗಿಲಲ್ಲಿ ನಿಂತ ದೊರೆ ಕಣ್ಣಿಗೆ ಕಾಣುತ್ತಾನೆ.