ಬನಶಂಕರಿ ಜಾತ್ರೆ: ರಥೋತ್ಸವ, ರೊಟ್ಟಿ ಬುತ್ತಿ ಮತ್ತು ಕಂಪನಿ ನಾಟಕಗಳು

ಬಾಗಲಕೋಟೆ ಜಿಲ್ಲೆಯ ಬಾದಾಮಿ ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಚೊಳಚಗುಡ್ಡ ಗ್ರಾಮದ ಬಳಿ ಇರುವ ಶ್ರೀ ಬನಶಂಕರಿ ದೇವಾಲಯದ ಜಾತ್ರೆಯು ಉತ್ತರ ಕರ್ನಾಟಕದ ದೊಡ್ಡ ಜಾತ್ರೆಗಳಲ್ಲಿ ಒಂದಾಗಿದೆ. ಪ್ರತಿ ವರ್ಷ ಪುಷ್ಯ ಮಾಸದ ಹುಣ್ಣಿಮೆಯಂದು, ಅಂದರೆ ಸಾಮಾನ್ಯವಾಗಿ ಜನವರಿ ತಿಂಗಳಿನಲ್ಲಿ, ಮಹಾರಥೋತ್ಸವ ಜರುಗುತ್ತದೆ. ಈ ಹುಣ್ಣಿಮೆಯನ್ನು ಜನರು ಬನದ ಹುಣ್ಣಿಮೆ ಎಂದು ಕರೆಯುತ್ತಾರೆ. ರಥೋತ್ಸವವು ಒಂದು ಸಂಜೆಯಲ್ಲಿ ಮುಗಿಯುತ್ತದೆ, ಜಾತ್ರೆ ಮುಗಿಯುವುದಿಲ್ಲ. ಅನಂತರವೂ ವಾರಗಟ್ಟಲೆ ನಡೆಯುವ ಅಂಗಡಿಸಾಲು, ಊಟ ಹಾಗೂ ರಾತ್ರಿಯ ನಾಟಕಗಳು ಈ ಜಾತ್ರೆಯ ವಿಶೇಷವಾಗಿವೆ. ಸಾರ್ವಜನಿಕರ ಹಾಗೂ ಕಲಾವಿದರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ದೇವಾಲಯ ಮತ್ತು ಪಲ್ಲೇದ ಹಬ್ಬ

ಬನಶಂಕರಿಯು ಬಾದಾಮಿ ಚಾಲುಕ್ಯರ ಕುಲದೇವತೆ ಎಂಬ ಪ್ರತೀತಿ ಇದೆ. ದೇವಾಲಯದ ಈಗಿನ ಕಟ್ಟಡವು 18ನೆಯ ಶತಮಾನದ್ದು. ಎದುರಿಗೆ ಕಲ್ಲಿನ ಮಂಟಪಗಳಿಂದ ಸುತ್ತುವರಿದ ಹರಿದ್ರಾತೀರ್ಥ ಎಂಬ ವಿಶಾಲ ಹೊಂಡವಿದೆ. ದೇವಿಗೆ ಶಾಕಂಬರಿ ಎಂಬ ಹೆಸರೂ ಇದೆ. ಬರಗಾಲದಲ್ಲಿ ಕಾಯಿಪಲ್ಲೆಗಳನ್ನು ಸೃಷ್ಟಿಸಿ ಜನರ ಹಸಿವು ತಣಿಸಿದಳೆಂಬ ಕಥೆಯಿಂದ ಈ ಹೆಸರು ಬಂದಿದೆ. ಮಳೆಯನ್ನೇ ನಂಬಿ ಬದುಕುವ ಈ ಸೀಮೆಯಲ್ಲಿ ಇಂತಹ ದೇವತೆ ನೆಲೆಗೊಂಡಿರುವುದು ಸಹಜವೇ ಆಗಿದೆ. ರಥೋತ್ಸವದ ಹಿಂದಿನ ದಿನ ಆಚರಿಸುವ ಪಲ್ಲೇದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಲೆಗಳಿಂದ ಸಿದ್ಧಪಡಿಸಿದ ನೈವೇದ್ಯವನ್ನು ದೇವಿಗೆ ಅರ್ಪಿಸಲಾಗುತ್ತದೆ.

ಊಟ

ದೇವಾಲಯದ ಆವರಣದಲ್ಲಿ ಹೋಟೆಲುಗಳಿಗಿಂತ ಹೆಚ್ಚು ಹೆಸರಾಗಿರುವುದು ಬುತ್ತಿಯೂಟ. ಸುತ್ತಲಿನ ಹಳ್ಳಿಗಳ ಮಹಿಳೆಯರು ಮನೆಯಲ್ಲಿ ಮಾಡಿದ ಅಡುಗೆಯನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ತಂದು, ಬಂದವರಿಗೆ ಬಡಿಸುತ್ತಾರೆ. ಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಕಾಳು ಪಲ್ಯ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕೆಂಪು ಹಿಂಡಿ ಹಾಗೂ ಗಡಿಗೆಯ ಗಟ್ಟಿ ಮೊಸರು ಇದರಲ್ಲಿ ಇರುತ್ತವೆ. ಕೆಂಪು ಹಿಂಡಿಯ ಖಾರ ರೂಢಿಯಿಲ್ಲದವರು ಅದನ್ನು ಮೊಸರಿನೊಡನೆ ಕಲಸಿ ತಿನ್ನುವುದು ಒಳಿತು. ಈ ಬುತ್ತಿ ಜಾತ್ರೆಗೆ ಮಾತ್ರ ಸೀಮಿತವಲ್ಲ, ವರ್ಷದ ಉಳಿದ ದಿನಗಳಲ್ಲಿಯೂ ಇಲ್ಲಿ ದೊರೆಯುತ್ತದೆ. ಜಾತ್ರೆಯ ಸಾಲಿನಲ್ಲಿ ಮಿರ್ಚಿ ಭಜಿ, ಗಿರ್ಮಿಟ್ಟು, ಬೆಂಡು ಬತ್ತಾಸುಗಳ ಜೊತೆಗೆ, ಬೆಲ್ಲ, ಒಣಹಣ್ಣು ಹಾಗೂ ಕರಿದ ಅಂಟಿನಿಂದ ತಯಾರಿಸುವ ಕರದಂಟು ಸಹ ಸಿಗುತ್ತದೆ. ಕರದಂಟಿಗೆ ಹೆಸರಾದ ಅಮೀನಗಡವು ಇದೇ ಜಿಲ್ಲೆಯಲ್ಲಿದೆ.

ಕಂಪನಿ ನಾಟಕಗಳು

ಜಾತ್ರೆಯ ಬಯಲಿನಲ್ಲಿ ತಗಡು ಹಾಗೂ ಬಟ್ಟೆಯಿಂದ ಕಟ್ಟಿದ ತಾತ್ಕಾಲಿಕ ರಂಗಮಂದಿರಗಳು ಒಂದರ ಪಕ್ಕದಲ್ಲೊಂದು ಏಳುತ್ತವೆ. ಇವು ವೃತ್ತಿ ನಾಟಕ ಕಂಪನಿಗಳ ಥೇಟರುಗಳು. ದಿನಕ್ಕೆ ಒಂದಕ್ಕಿಂತ ಹೆಚ್ಚು ಪ್ರದರ್ಶನಗಳು ನಡೆಯುತ್ತವೆ, ಕೊನೆಯದು ಮಧ್ಯರಾತ್ರಿಯನ್ನೂ ದಾಟುತ್ತದೆ. ದೂರದ ಊರಿನಿಂದ ಟ್ರ್ಯಾಕ್ಟರಿನಲ್ಲೋ ಚಕ್ಕಡಿಯಲ್ಲೋ ಬಂದ ಕುಟುಂಬಕ್ಕೆ ಬೆಳಗಾಗುವವರೆಗೆ ಹಿಂದಿರುಗುವ ಅವಸರವಿಲ್ಲ. ಅಂಥವರಿಗೆ ನಾಟಕದ ಡೇರೆಯೇ ಆ ರಾತ್ರಿಯ ವಸತಿಯೂ ಹೌದು.

ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯ ಇತಿಹಾಸದಲ್ಲಿ ಕನ್ನಡ ಹಾಗೂ ಮರಾಠಿಗಳ ಕೊಡುಕೊಳೆ ಹೆಚ್ಚು. 1843ರಲ್ಲಿ ಸಾಂಗಲಿಯಲ್ಲಿ ಮೊದಲ ಮರಾಠಿ ನಾಟಕವನ್ನು ಆಡಿಸಿದ ವಿಷ್ಣುದಾಸ ಭಾವೆಯವರಿಗೆ ಪ್ರೇರಣೆಯಾದದ್ದು ಕನ್ನಡ ಸೀಮೆಯಿಂದ ಬಂದ ಯಕ್ಷಗಾನದ ಮೇಳ. ಮುಂದೆ ಮರಾಠಿ ಕಂಪನಿಗಳೇ ಈ ಭಾಗದ ಊರೂರುಗಳಲ್ಲಿ ಮೆರೆದಾಗ, ಕನ್ನಡಿಗರಿಗೆ ಕನ್ನಡದಲ್ಲಿಯೇ ನಾಟಕ ದೊರೆಯಬೇಕೆಂಬ ಛಲದಿಂದ ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ಮಂಡಳಿಯೊಂದನ್ನು ಕಟ್ಟಿದರು. ಗದಗಿನವರೇ ಆದ ಮತ್ತೊಂದು ಸಾಹಸವೆಂದರೆ ಪಂಡಿತ ಪಂಚಾಕ್ಷರಿ ಗವಾಯಿಗಳ ನಾಟಕ ಸಂಘ. ಅಂಧ ಹಾಗೂ ಅನಾಥ ಮಕ್ಕಳಿಗೆ ಸಂಗೀತ ಕಲಿಸುವ ಆಶ್ರಮದ ಪೋಷಣೆಗಾಗಿ ಈ ಸಂಘವು ಊರಿಂದೂರಿಗೆ ಸಂಚರಿಸಿ ನಾಟಕವಾಡಿತು. ಗವಾಯಿಗಳ ಶಿಷ್ಯರಾದ ಪಂಡಿತ ಪುಟ್ಟರಾಜ ಗವಾಯಿಗಳು ಸ್ವತಃ ನಾಟಕಗಳನ್ನು ರಚಿಸಿದರು.

ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯು ಈ ರಂಗಭೂಮಿಗೆ ಇಬ್ಬರು ಪ್ರಮುಖ ನಾಟಕಕಾರರನ್ನು ಕೊಟ್ಟಿದೆ. ಕಂದಗಲ್ಲ ಹನಮಂತರಾಯರ 'ರಕ್ತರಾತ್ರಿ' ಇಂದಿಗೂ ಹಳ್ಳಿಗಳ ಹವ್ಯಾಸಿ ಕಲಾವಿದರ ಮೆಚ್ಚಿನ ಪೌರಾಣಿಕ ನಾಟಕ. ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕವು 1974ರಲ್ಲಿ ಡಾ. ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಚಲನಚಿತ್ರವಾಯಿತು. ಈ ಚಿತ್ರವನ್ನು ಬಲ್ಲವರಲ್ಲಿ ಅದರ ಮೂಲ ಜಾತ್ರೆಯ ಡೇರೆಯ ನಾಟಕವೆಂದು ಬಲ್ಲವರು ಕಡಿಮೆ. ರಾಜ್‌ಕುಮಾರ್ ಅವರೂ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದು, 1954ರ 'ಬೇಡರ ಕಣ್ಣಪ್ಪ' ಚಿತ್ರದ ಮೂಲಕ ನಾಯಕನಟರಾದವರು.

ಕಂಪನಿಯೊಂದು ಊರಿನಲ್ಲಿ ಕ್ಯಾಂಪು ಹೂಡಿದಾಗ, ಪ್ರೇಕ್ಷಕರು ಅವರೇ ಆದುದರಿಂದ ಮೇಲಿಂದ ಮೇಲೆ ನಾಟಕ ಬದಲಾಯಿಸಬೇಕಾಗುತ್ತದೆ. ಜಾತ್ರೆಯಲ್ಲಿ ಪ್ರೇಕ್ಷಕರೇ ದಿನವೂ ಬದಲಾಗುತ್ತಾರೆ, ಆದ್ದರಿಂದ ಗೆದ್ದ ಒಂದೇ ನಾಟಕವನ್ನು ದಿನಗಟ್ಟಲೆ ಆಡಬಹುದು. ಟಿಕೇಟು ಮಾರಾಟದಿಂದಲೇ ನಡೆಯುವ ಕಂಪನಿಗೆ ವರ್ಷದ ಏರುಪೇರು ತುಂಬಿಕೊಳ್ಳುವುದು ಇಂತಹ ದೊಡ್ಡ ಜಾತ್ರೆಗಳಲ್ಲಿಯೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಜಾತ್ರೆಗಳು ನಿಂತಾಗ ಕಂಪನಿಗಳ ಪರದೆಗಳೂ ಇಳಿದವು. ನಟನಟಿಯರ ಜೊತೆಗೆ ಹಾರ್ಮೋನಿಯಂ, ತಬಲಾ ವಾದಕರು, ಪರದೆ ಎಳೆಯುವವರು, ಅಡುಗೆಯವರು ಎಲ್ಲರೂ ಕೆಲಸವಿಲ್ಲದೆ ಉಳಿದರು.

ಇಂದಿನ ನಾಟಕಗಳಲ್ಲಿ ದ್ವಂದ್ವಾರ್ಥದ ಹಾಸ್ಯ ಹೆಚ್ಚಾಗಿದೆ ಎಂಬ ಆಕ್ಷೇಪವಿದೆ. ಅದು ನಿರಾಧಾರವೇನಲ್ಲ. ಆದರೆ ಶೀರ್ಷಿಕೆಯೊಂದನ್ನೇ ನೋಡಿ ನಾಟಕವನ್ನು ತಳ್ಳಿಹಾಕುವುದು ಸರಿಯಾಗಲಾರದು. ಅಬ್ಬರದ ಶೀರ್ಷಿಕೆಯ ಅಡಿಯಲ್ಲಿ ಅತ್ತೆ ಸೊಸೆಯರ, ಅಣ್ಣ ತಮ್ಮಂದಿರ ಸಾಂಸಾರಿಕ ಕಥೆ ಇರುವುದೂ ಉಂಟು. ಮಕ್ಕಳೊಂದಿಗೆ ಬರುವವರು ಟಿಕೇಟು ಪಡೆಯುವ ಮುನ್ನ ಕಥೆಯ ಬಗ್ಗೆ ಕೌಂಟರಿನಲ್ಲಿ ವಿಚಾರಿಸಬಹುದು. ಥೇಟರಿನ ಒಳಗೆ ಬೀಡಿ, ಸಿಗರೇಟು ಸೇದಬಾರದು. ಬಟ್ಟೆಯ ಡೇರೆಗೆ ಬೆಂಕಿಯ ಅಪಾಯ ಹೆಚ್ಚು. ಒಳಹೋದ ಕೂಡಲೇ ಹೊರಹೋಗುವ ದಾರಿಗಳನ್ನು ಗಮನಿಸಿಕೊಳ್ಳುವಂತೆ ಕೋರಲಾಗಿದೆ.

ತಲುಪುವ ಬಗೆ

ಬಾದಾಮಿಗೆ ಗದಗ ಮತ್ತು ಬಾಗಲಕೋಟೆ ನಡುವಿನ ರೈಲು ಮಾರ್ಗದಲ್ಲಿ ನಿಲ್ದಾಣವಿದೆ. ಹತ್ತಿರದ ವಿಮಾನ ನಿಲ್ದಾಣ ಹುಬ್ಬಳ್ಳಿ. ಹೊರನಾಡು ಹಾಗೂ ವಿದೇಶಗಳಿಂದ ಬರುವವರು ರಥೋತ್ಸವದ ದಿನ ಬಿಟ್ಟು, ಅನಂತರದ ವಾರಗಳಲ್ಲಿ ಬಂದರೆ ನೂಕುನುಗ್ಗಲಿಲ್ಲದೆ ನಾಟಕ ನೋಡಬಹುದು. ಬಾದಾಮಿಯ ಗುಹಾಲಯಗಳು, ಪಟ್ಟದಕಲ್ಲು ಹಾಗೂ ಐಹೊಳೆಗಳನ್ನು ಹಗಲಿನಲ್ಲಿ ನೋಡಿ, ಸಂಜೆ ಜಾತ್ರೆಗೆ ಬರುವುದು ಅನುಕೂಲ.

ಕಲಾವಿದ ಅರ್ಜಿದಾರರ ಗಮನಕ್ಕೆ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ನೀಡುತ್ತದೆ. ವೃತ್ತಿ ರಂಗಭೂಮಿಯ ಕಲಾವಿದರೂ ಇದಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ವಯಸ್ಸು ಮತ್ತು ಆದಾಯದ ದಾಖಲೆಗಳನ್ನು ಪಡೆಯುವುದು ಕಷ್ಟವಲ್ಲ. ತೊಡಕಾಗುವುದು ಕಲಾಸೇವೆಯ ಪುರಾವೆಯಲ್ಲಿ. ಒಂದು ಕಂಪನಿ ಬಿಟ್ಟು ಮತ್ತೊಂದಕ್ಕೆ ಸೇರುತ್ತಾ ದಶಕಗಳನ್ನು ಕಳೆದ ನಟ ಅಥವಾ ನಟಿಯ ಬಳಿ ಸಂಬಳದ ಚೀಟಿ ಇರುವುದು ಅಪರೂಪ, ಎಷ್ಟೋ ಕಂಪನಿಗಳು ಮುಚ್ಚಿಯೂ ಹೋಗಿವೆ. ಆದುದರಿಂದ ಹೆಸರು ಅಚ್ಚಾಗಿರುವ ನಾಟಕದ ಕರಪತ್ರ, ಭಿತ್ತಿಪತ್ರ, ಪತ್ರಿಕಾ ತುಣುಕು, ವೇಷದಲ್ಲಿರುವ ಛಾಯಾಚಿತ್ರ ಹಾಗೂ ಮಾಲೀಕರು ಕೊಟ್ಟ ಪತ್ರ ಇವುಗಳನ್ನು ಈಗ ರಂಗದ ಮೇಲೆ ದುಡಿಯುತ್ತಿರುವವರು ಇಂದಿನಿಂದಲೇ ಜೋಪಾನವಾಗಿ ಇರಿಸಿಕೊಳ್ಳಬೇಕು. ಪ್ರತಿಯೊಂದರ ಹಿಂಬದಿಯಲ್ಲಿ ನಾಟಕ, ಊರು ಹಾಗೂ ವರ್ಷವನ್ನು ಬರೆದಿಡುವುದು ಸೂಕ್ತ. ರಂಗದ ಮೇಲಿನ ಹೆಸರು ಹಾಗೂ ಗುರುತಿನ ಚೀಟಿಯಲ್ಲಿನ ಹೆಸರು ಬೇರೆಯಾಗಿದ್ದಲ್ಲಿ ಆ ವಿಷಯವನ್ನು ಅರ್ಜಿಯೊಡನೆ ಸ್ಪಷ್ಟಪಡಿಸಬೇಕು. ಹೆಚ್ಚಿನ ವಿವರಗಳಿಗೆ ಆಯಾ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು.