ವೈಯಕ್ತಿಕ ಶಿಕ್ಷಣ ಯೋಜನೆಯ ಸಭೆ ಮತ್ತು ಪಾಲಕರ ಪೂರ್ವಸಿದ್ಧತೆ

ಅಂಗವೈಕಲ್ಯವುಳ್ಳ ಮಕ್ಕಳಿಗೆ ಉಚಿತವೂ ಯೋಗ್ಯವೂ ಆದ ಶಿಕ್ಷಣವನ್ನು ಒದಗಿಸತಕ್ಕದ್ದೆಂದು ಅಮೆರಿಕ ಸಂಯುಕ್ತ ಸಂಸ್ಥಾನವು 1975ರಲ್ಲಿ ಶಾಸನಮುಖೇನ ವಿಧಿಸಿದಾಗ, ಸಾರ್ವಜನಿಕ ಶಾಲೆಯ ಬಾಗಿಲು ಯಾರ ಪಾಲಿಗೆ ಸಂಪೂರ್ಣವಾಗಿ ಮುಚ್ಚಿತ್ತೋ ಅಂತಹ ಮಕ್ಕಳ ಸಂಖ್ಯೆ 10 ಲಕ್ಷವೆಂದು ಆ ಶಾಸನವೇ ಹೇಳಿತ್ತು. 1990ರಲ್ಲಿ ಹೊಸ ಹೆಸರನ್ನೂ 2004ರಲ್ಲಿ ವಿಸ್ತೃತವಾದ ತಿದ್ದುಪಡಿಗಳನ್ನೂ ಪಡೆದ ಈ ಶಾಸನದ ಜೀವಾಳವೆಂದರೆ, ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾಗಿ ರಚಿತವಾಗಿ ವರ್ಷಕ್ಕೊಮ್ಮೆಯಾದರೂ ಪರಿಶೀಲಿತವಾಗಬೇಕಾದ ವೈಯಕ್ತಿಕ ಶಿಕ್ಷಣ ಯೋಜನೆ. ರೂಢಿಯ ಮಾತಿನಲ್ಲಿ ಐ.ಇ.ಪಿ. ಅದನ್ನು ನಿರ್ಣಯಿಸುವ ಸಭೆಯಲ್ಲಿ ತರಗತಿಯ ಉಪಾಧ್ಯಾಯರು, ವಿಶೇಷ ಶಿಕ್ಷಕರು, ಆಡಳಿತದ ಪ್ರತಿನಿಧಿ, ಪರೀಕ್ಷಾಫಲಗಳನ್ನು ವಿವರಿಸಬಲ್ಲ ತಜ್ಞರು ಇವರೊಡನೆ ತಂದೆತಾಯಿಗಳೂ ಸದಸ್ಯರೇ. ಆದರೆ ಶಾಸನದತ್ತವಾದ ಈ ಸದಸ್ಯತ್ವವು ಪೂರ್ವಸಿದ್ಧತೆಯಿಲ್ಲದೆ ಫಲಿಸದೆಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯ.

ಇದಕ್ಕೆ ನ್ಯಾಯಾಲಯದ ತೀರ್ಪೊಂದು ಪ್ರಬಲವಾದ ಆಧಾರವಾಗಿದೆ. ಶಾಲೆ ಸೂಚಿಸಿದ ಯೋಜನೆ ಸಾಲದೆಂದು ವಿಚಾರಣೆಯನ್ನು ಕೋರುವವರೇ ಅದನ್ನು ರುಜುವಾತುಪಡಿಸಬೇಕೆಂದು, ಮೇರಿಲ್ಯಾಂಡಿನಿಂದ ಬಂದ ಶಾಫರ್ ವಿರುದ್ಧ ವೀಸ್ಟ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಮಾನಿಸಿತು. ನ್ಯೂಯಾರ್ಕ್, ನ್ಯೂಜೆರ್ಸಿ ಮೊದಲಾದ ಕೆಲವು ರಾಜ್ಯಗಳು ಆ ಭಾರವನ್ನು ಸ್ವಂತ ಶಾಸನದಿಂದ ಶಾಲೆಗಳ ಮೇಲೆ ಹೊರಿಸಿದ್ದರೂ, ಉಳಿದೆಡೆ ಅದು ಬಹುಮಟ್ಟಿಗೆ ಪಾಲಕರದೇ ಆಗಿರುವುದರಿಂದ, ಬಾಯಿಮಾತಾಗಿ ಉಳಿದ ಆಕ್ಷೇಪಕ್ಕಿಂತ ಕಾಲಕಾಲಕ್ಕೆ ಬರೆದು ಸಲ್ಲಿಸಿದ ಆಕ್ಷೇಪಕ್ಕೆ ಬೆಲೆ ಹೆಚ್ಚು.

ಸಿದ್ಧತೆಯಲ್ಲಿ ಮೊದಲನೆಯದು ದಾಖಲೆಗಳ ಅಧ್ಯಯನ. ಮಗುವಿನ ಶೈಕ್ಷಣಿಕ ಕಡತವನ್ನು ಸಭೆಗೆ ಮುಂಚಿತವಾಗಿಯೇ ನೋಡುವ ಅಧಿಕಾರ ಪಾಲಕರಿಗುಂಟು. ಶಾಲೆಯ ಮೌಲ್ಯಮಾಪನವು ಒಪ್ಪಿಗೆಯಾಗದಿದ್ದಲ್ಲಿ ಸಾರ್ವಜನಿಕ ವೆಚ್ಚದಿಂದ ಸ್ವತಂತ್ರ ಮೌಲ್ಯಮಾಪನವನ್ನು ಕೋರಬಹುದು, ಆಗ ಶಾಲೆಯು ಅದನ್ನು ಒದಗಿಸಬೇಕು, ಇಲ್ಲವೆ ತನ್ನದೇ ಯುಕ್ತವೆಂದು ವಿಚಾರಣೆಯಲ್ಲಿ ಸ್ಥಾಪಿಸಬೇಕು. ಎರಡನೆಯದು ಗುರಿಗಳ ಪರೀಕ್ಷೆ. ಮಗುವಿನ ಪರಿಸ್ಥಿತಿಗೆ ಅನುಗುಣವಾದ ಪ್ರಗತಿ ಸಾಧ್ಯವಾಗುವಂತೆ ಯೋಜನೆಯಿರಬೇಕೆಂದು ಅದೇ ಸರ್ವೋಚ್ಚ ನ್ಯಾಯಾಲಯದ 2017ರ ಎಂಡ್ರೂ ಎಫ್. ತೀರ್ಪು ಸಾರಿರುವುದರಿಂದ, ಹಿಂದಿನ ವರ್ಷದ ಗುರಿಯನ್ನೇ ಅಕ್ಷರಶಃ ಮರಳಿ ಬರೆದಿದ್ದರೆ ಕಾರಣವನ್ನು ಕೇಳತಕ್ಕದ್ದು; ಓದು ಸುಧಾರಿಸುವುದು ಎಂಬಂತಹ ಅಳತೆಗೆ ಸಿಕ್ಕದ ವಾಕ್ಯಕ್ಕೆ ಬದಲಾಗಿ, ಇಂದು ಎಷ್ಟು, ವರ್ಷಾಂತ್ಯಕ್ಕೆ ಎಷ್ಟು, ಅಳೆಯುವವರು ಯಾರು ಎಂಬುದನ್ನು ಬರೆಯಿಸತಕ್ಕದ್ದು. ಮೂರನೆಯದು ಮನೆಯ ಟಿಪ್ಪಣಿ. ಮಗು ಯಾವ ಸದ್ದಿಗೆ ಬೆದರುವುದು, ಯಾವ ಕರೆಗೆ ಓಗೊಡುವುದು, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಬಲ್ಲುದೇ ಎಂಬಿವನ್ನು ಹೆತ್ತವರಷ್ಟು ಬಲ್ಲ ತಜ್ಞರು ಆ ಸಭೆಯಲ್ಲಿ ಇರಲಾರರು.

ಅಮೆರಿಕದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಇನ್ನೆರಡು ಮಾತು. ಇಂಗ್ಲಿಷ್ ತಿಳಿಯದ ಪಾಲಕರಿಗೆ ಸಭೆಯ ನಡವಳಿ ಅರ್ಥವಾಗುವಂತೆ ದುಭಾಷಿಯನ್ನು ಏರ್ಪಡಿಸುವುದೂ ಶಾಲೆಯ ಹೊಣೆಯೇ. ಗುರುಗಳಿಗೆ ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರು ಸಭೆಯಲ್ಲಿ ಪ್ರಶ್ನಿಸುವುದನ್ನು ಅವಿನಯವೆಂದು ಭಾವಿಸಬೇಕಾಗಿಲ್ಲ. ಕೋರಿದ ಸೇವೆಯನ್ನು ನಿರಾಕರಿಸಿದಲ್ಲಿ ಕಾರಣಸಹಿತವಾದ ಲಿಖಿತ ಉತ್ತರವನ್ನು ಕೊಡಲು ಶಾಲೆ ಶಾಸನಬದ್ಧವಾಗಿದೆ. ಆದಕಾರಣ ಸಭೆಯ ತಿಳಿವಳಿಕೆಪತ್ರ ಕೈಸೇರಿದ ದಿನವೇ ಕಡತವನ್ನು ಬರೆಹದ ಮೂಲಕ ಕೋರಿರಿ, ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿರಿ, ಮಗುವನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಸಂಗಡ ಕರೆದೊಯ್ಯಿರಿ.