ಅಚ್ಚು ಉಳಿಯಿತು, ಕೋವಿ ಹೋಯಿತು: ಸೀಸದ ಗುಂಡಿನ ತೊಂದರೆಗಳು ಹೇಳುವ ಚರಿತ್ರೆ

ಇವತ್ತಿನ ಮಾತನ್ನು ಒಂದು ವಸ್ತುವಿನಿಂದ ಶುರು ಮಾಡ್ತೇನೆ. ನನ್ನ ತಾಯಿಯ ತವರು ತಾಳವಾಡಿ ಕಡೆ. ಆ ಮನೆಯ ಅಟ್ಟದಲ್ಲಿ ಇಕ್ಕಳದಂಥ ಒಂದು ಕಬ್ಬಿಣದ ಸಾಮಾನಿತ್ತು. ಚಿಕ್ಕವನಿದ್ದಾಗ ಅದನ್ನು ಅಡಕತ್ತರಿ ಅಂದ್ಕೊಂಡಿದ್ದೆ. ಬಾಯಿ ತೆರೆದರೆ ಎರಡು ಕಡೆಯೂ ಅರ್ಧರ್ಧ ಗೋಲಿಯ ಕುಳಿ. ಅದು ಗುಂಡಿನ ಅಚ್ಚು ಅಂತ ಹೇಳಿದವರು ನನ್ನ ಸೋದರಮಾವ. ಸೀಸ ಕರಗಿಸಿ ಹೊಯ್ದರೆ ಒಂದು ಗುಂಡು ಸಿದ್ಧ. ಆದರೆ ಕೋವಿ ಮನೆಯಲ್ಲಿರಲಿಲ್ಲ. ಯಾವಾಗ, ಯಾರ ಕೈಗೆ ಹೋಯಿತೋ ಯಾರಿಗೂ ನೆನಪಿರಲಿಲ್ಲ.

ಗಡಿನಾಡಿನ ಚರಿತ್ರೆ ಅಂದರೆ ನಾವು ಸಾಮಾನ್ಯವಾಗಿ ಶಾಲೆ, ಭಾಷೆ, ಗಡಿರೇಖೆ ಅಂತ ಮಾತಾಡ್ತೇವೆ. ನನ್ನ ಪ್ರಶ್ನೆ ಬೇರೆ. ಮನೆಯ ಒಲೆಯಲ್ಲಿ ಆಗುತ್ತಿದ್ದ ಒಂದು ಕೆಲಸ ಮನೆಯಿಂದ ಹೇಗೆ ಹೊರಟುಹೋಯಿತು? ಇದಕ್ಕೆ ಉತ್ತರ ಹುಡುಕುವ ಮೊದಲು ಎರಕದ ಗುಂಡು ಎಲ್ಲೆಲ್ಲಿ ಕೈಕೊಡುತ್ತದೆ ಅನ್ನೋದು ತಿಳಿದಿರಬೇಕು.

ಅಮೆರಿಕದಂಥ ದೇಶಗಳಲ್ಲಿ ಗುರಿ ಹೊಡೆಯುವ ಹವ್ಯಾಸಿಗಳು ಪಿಸ್ತೂಲಿನ ಖಾಲಿ ತೋಟಾಗಳನ್ನು ತಾವೇ ಎರಕ ಹೊಯ್ದ ಗುಂಡಿನಿಂದ ಮತ್ತೆ ತುಂಬುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇಲ್ಲದೆ ಇದು ಅಪರಾಧ. ಅವರ ದೊಡ್ಡ ದೂರು ಯಾವುದು ಅಂದರೆ, ನಳಿಗೆಯ ಒಳಮೈಗೆ ಸೀಸ ಮೆತ್ತಿಕೊಳ್ಳುವುದು, ಅದರಿಂದ ಗುರಿ ಕೆಡುವುದು. ಹೊಸಬರು ಗುಂಡು ಮೆದುವಾಯಿತು ಅಂತ ತವರ, ಆಂಟಿಮನಿ ಬೆರೆಸಿ ಗಡಸು ಮಾಡ್ತಾರೆ. ಆಗ ತೊಂದರೆ ಹೆಚ್ಚುವುದೂ ಉಂಟು. ಏಕೆಂದರೆ ಬಹಳ ಸಲ ತಪ್ಪು ಇರುವುದು ಅಳತೆಯಲ್ಲಿ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದಾದರೂ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತದೆ. ಗಡಸು ಗುಂಡು ಕಡಿಮೆ ಒತ್ತಡದಲ್ಲಿ ಹಿಗ್ಗಿ ಆ ಸಂದನ್ನು ಮುಚ್ಚುವುದಿಲ್ಲ. ಅದಕ್ಕೇ ಅನುಭವಿಗಳು ಮೊದಲು ನಳಿಗೆಯನ್ನು ಅಳೆದು, ಗುಂಡನ್ನು ಅದಕ್ಕಿಂತ ಅಂಗುಲದ ಸಾವಿರದ ಒಂದು ಭಾಗದಷ್ಟು ದಪ್ಪ ಇಡುತ್ತಾರೆ. ರಿವಾಲ್ವರಿನಲ್ಲಾದರೆ ಸಿಲಿಂಡರಿನ ಪ್ರತಿ ಕೋಣೆಯ ಬಾಯನ್ನೂ ಅಳೆಯಬೇಕು. ಆ ಬಾಯಿ ಬಿಗಿಯಾಗಿದ್ದರೆ ಸರಿಯಾದ ಗುಂಡೂ ಅಲ್ಲೇ ಸವೆದು ಸಣ್ಣದಾಗುತ್ತದೆ.

ಸೀಸ ಎಲ್ಲಿ ಮೆತ್ತಿದೆ ಅನ್ನೋದೂ ಒಂದು ಸಾಕ್ಷಿ. ನಳಿಗೆಯ ಬುಡದಲ್ಲಾದರೆ ಅಳತೆಯನ್ನು ಅನುಮಾನಿಸಬೇಕು, ತುದಿಯಲ್ಲಾದರೆ ಗುಂಡಿಗೆ ಹಚ್ಚಿದ ಜಿಡ್ಡು ದಾರಿಯಲ್ಲೇ ಮುಗಿದಿದೆ. ಗುಂಡಿನ ಮೈ ಸುಕ್ಕುಗಟ್ಟಿದ್ದರೆ ಅಚ್ಚು ತಣ್ಣಗಿತ್ತು ಅಂತ ಅರ್ಥ. ತೋಟಾದ ಬಾಯನ್ನು ತುಸು ಅಗಲಿಸದೆ ಗುಂಡು ಒತ್ತಿದರೆ ಹಿತ್ತಾಳೆಯ ಅಂಚೇ ಸೀಸವನ್ನು ಕೆರೆದುಹಾಕುತ್ತದೆ. ಹೀಗೆ ಅಳತೆ, ಜಿಡ್ಡು, ಗಡಸು, ಮದ್ದಿನ ಬಿಸಿ, ಈ ನಾಲ್ಕರಲ್ಲಿ ಒಂದು ಕೆಟ್ಟರೂ ಗುಂಡು ಕೆಡುತ್ತದೆ. ಈ ನಾಲ್ಕೂ ನೂರೈವತ್ತು ವರ್ಷಕ್ಕೂ ಹಳೆಯವು. ಅವುಗಳಲ್ಲಿ ಒಂದು ನಮ್ಮ ದೇಶದ ಚರಿತ್ರೆಯನ್ನೇ ತಿರುಗಿಸಿತು.

1853ರ ಎನ್‌ಫೀಲ್ಡ್ ಬಂದೂಕು ಬಾಯಿಂದ ತುಂಬುವಂಥದ್ದು. ನಳಿಗೆ 0.577 ಅಂಗುಲ, ಗುಂಡು 0.568. ಸುತ್ತಿದ ಕಾಗದ ಮತ್ತು ಜಿಡ್ಡು ಸೇರಿ ಆ ಸಂದು ತುಂಬಬೇಕು. ಕರಿಮದ್ದು ಉರಿದ ಮೇಲೆ ಅರ್ಧಕ್ಕೂ ಹೆಚ್ಚು ಭಾಗ ಮಸಿಯಾಗಿ ಉಳಿಯುತ್ತದೆ. ಜಿಡ್ಡಿಲ್ಲದಿದ್ದರೆ ನಾಲ್ಕಾರು ಈಡಿನ ನಂತರ ಗುಂಡು ಒಳಗಿಳಿಯುವುದೇ ಕಷ್ಟ. ಹಾಗಾಗಿ ಜಿಡ್ಡು ಬೇಕೇ ಬೇಕಿತ್ತು. ಕೊಬ್ಬೇ ಬೇಕು ಅಂತ ಇರಲಿಲ್ಲ, ಜೇನುಮೇಣವೂ ಆಗುತ್ತಿತ್ತು. 1857ರ ಆರಂಭದಲ್ಲಿ ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ಹಚ್ಚಿಕೊಳ್ಳಲಿ ಅಂತ ಅನುಮತಿ ಬಂತು. ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ಮುಂದೆ ಗುಂಡನ್ನು 0.55 ಅಂಗುಲಕ್ಕೆ ಇಳಿಸಿದರು, ಜೇನುಮೇಣವನ್ನೇ ಖಾಯಂ ಮಾಡಿದರು. ಅಂದರೆ ಪರಿಹಾರ ಕೈಗೆಟಕುವ ಹಾಗೇ ಇತ್ತು. ನನ್ನ ಪ್ರಕಾರ ಇಲ್ಲಿ ಗಮನಿಸಬೇಕಾದ್ದು ಇಷ್ಟು: ತಾನೇ ಎರಕ ಹೊಯ್ದು ತಾನೇ ಜಿಡ್ಡು ಹಚ್ಚುವವನಿಗೆ ಗುಂಡಿನಲ್ಲಿ ಏನಿದೆ ಅಂತ ಗೊತ್ತಿರುತ್ತದೆ. ಕಟ್ಟಿಕೊಟ್ಟ ತೋಟಾವನ್ನು ಹಲ್ಲಿನಿಂದ ಕಚ್ಚುವವನಿಗೆ ಗೊತ್ತಿರೋದಿಲ್ಲ, ಅವನು ನಂಬಬೇಕಾಗುತ್ತದೆ.

ಅದೇ ವರ್ಷ ಶಸ್ತ್ರ ನೋಂದಣಿಯ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು, ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಮುಂದೆ 1878ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಹೋಯಿತು. ಸೀಸ, ಗಂಧಕ, ಪೆಟ್ಲುಪ್ಪುಗಳನ್ನೂ ಸೇನಾ ಸಾಮಗ್ರಿ ಅಂತ ಘೋಷಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಕೋವಿ ಕಿತ್ತುಕೊಂಡರೆ ಸಾಲದು, ಒಲೆಯ ಮೇಲಿನ ಸೀಸವೂ ಲೆಕ್ಕಕ್ಕೆ ಬರಬೇಕು ಅನ್ನೋದು ಅವರಿಗೆ ಅರ್ಥವಾಗಿತ್ತು. ಮದ್ರಾಸ್ ಪ್ರಾಂತ್ಯದ ಕಾಸರಗೋಡು, ಆದವಾನಿ, ರಾಯದುರ್ಗ, ಹೊಸೂರು, ತಾಳವಾಡಿ ಎಲ್ಲವೂ ಈ ಕಾಯ್ದೆಯ ಒಳಗಿದ್ದವು.

ಇನ್ನೊಂದು ಕಡೆ ಮದ್ದೇ ಬದಲಾಯಿತು. 1889ರಲ್ಲಿ ಏಬಲ್ ಮತ್ತು ಡ್ಯೂವರ್ ಕಾರ್ಡೈಟ್‌ಗೆ ಪೇಟೆಂಟ್ ಪಡೆದರು. ಅದರಲ್ಲಿ ನೂರಕ್ಕೆ 58 ಭಾಗ ನೈಟ್ರೋಗ್ಲಿಸರಿನ್. ಅದರ ಬಿಸಿಗೆ ಉಕ್ಕಿನ ನಳಿಗೆಯೇ ಸವೆಯುತ್ತಿತ್ತು, 1901ರ ಹೊತ್ತಿಗೆ ಅದನ್ನು 30ಕ್ಕೆ ಇಳಿಸಿದರು. ವೇಗದ ರೈಫಲ್‌ಗಳಲ್ಲಿ ಬರೀ ಸೀಸ ನಿಲ್ಲಲಿಲ್ಲ, ಲೋಹದ ಕವಚ ಬಂತು. ವೇಗ ಕಡಿಮೆ ಇದ್ದ ರಿವಾಲ್ವರಿನಲ್ಲಿ ಮಾತ್ರ ಸೀಸ ಉಳಿಯಿತು. ಬ್ರಿಟಿಷ್ ಸೇನೆಯ .38 ರಿವಾಲ್ವರಿಗೆ ಮೊದಲಿದ್ದದ್ದು 200 ಗ್ರೇನ್ ತೂಕದ ಸೀಸದ ಗುಂಡು. 1930ರ ದಶಕದ ಕೊನೆಗೆ ಅದರ ಜಾಗಕ್ಕೆ 178 ಗ್ರೇನಿನ ಕವಚದ ಗುಂಡು ತಂದರು. ಕಾರಣ ನಳಿಗೆಯಲ್ಲ. ಮೈಯೊಳಗೆ ಹಿಗ್ಗುವ ಗುಂಡನ್ನು ನಿಷೇಧಿಸಿದ 1899ರ ಹೇಗ್ ಘೋಷಣೆಯ ಭಯ. ಇಲ್ಲೂ ಕೊನೆಯ ಮಾತು ಕಾನೂನಿನದೇ ಆಯಿತು.

ಆ ಕಾರ್ಡೈಟ್ ನಮ್ಮ ಚರ್ಚೆಯ ಸೀಮೆಗೇ ಬಂತು. ನೀಲಗಿರಿಯಲ್ಲಿ, ಕೂನೂರಿನ ಪಕ್ಕದ ಅರುವಂಕಾಡಿನಲ್ಲಿ 1903ರಲ್ಲಿ ಕಾರ್ಖಾನೆ ಸ್ಥಾಪನೆಯಾಯಿತು. ಕನ್ನಡಕ್ಕೆ ಹತ್ತಿರದ ಮಾತಾಡುವ ಬಡಗರ ಹಟ್ಟಿಗಳ ನಡುವಿನ ಬೆಟ್ಟವದು. ಮದ್ದು ಕಾರ್ಖಾನೆಯಲ್ಲಿ ತಯಾರಾಗುವುದಕ್ಕೂ ಅಚ್ಚು ಅಟ್ಟ ಸೇರುವುದಕ್ಕೂ ಹೆಚ್ಚು ಅಂತರವಿಲ್ಲ ಅಂತ ನನ್ನ ಅಂದಾಜು.

ಇದನ್ನು ಹೊಗಳಿಕೆಯಾಗಿ ಹೇಳ್ತಿಲ್ಲ. ಮನೆಯ ಎರಕದಲ್ಲಿ ಸೀಸದ ವಿಷವಿತ್ತು. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಿಡಿದು ಮುಖ ಸುಡುತ್ತಿತ್ತು. ಕಾರ್ಖಾನೆ ಅಳತೆಯನ್ನು ಸರಿಮಾಡಿತು, ನಿಜ. ಆದರೆ ಏನು ತಪ್ಪಿದೆ ಅಂತ ಕೈಯಿಂದಲೇ ಕಂಡುಕೊಳ್ಳುವ ತಿಳಿವಳಿಕೆ ಅದರ ಜೊತೆಗೇ ಹೋಯಿತು. ಇದು ಎಲ್ಲೂ ದಾಖಲಾಗಿಲ್ಲ, ಯಾಕೆಂದರೆ ಪರವಾನಗಿಯ ಪುಸ್ತಕದಲ್ಲಿ ಕೋವಿಗೆ ನಂಬರಿದೆ, ಅಚ್ಚಿಗೆ ಇಲ್ಲ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಜತ್ತ, ಮಡಕಶಿರಾ, ವಯನಾಡು, ನಿಮ್ಮ ಊರು ಯಾವುದೇ ಇರಲಿ, ಅಟ್ಟದಲ್ಲಿ ಇಂಥ ಇಕ್ಕಳ ಸಿಕ್ಕರೆ ಗುಜರಿಗೆ ಹಾಕಬೇಡಿ. ಕುಳಿಯ ವ್ಯಾಸವನ್ನು ವರ್ನಿಯರಿನಲ್ಲಿ ಅಳೆದು ಬರೆದಿಡಿ. ನಾಡಕೋವಿಗಳ ಅಳತೆ ಒಂದೇ ಇರಲಿಲ್ಲ, ಪ್ರತಿ ಕೋವಿಗೂ ಅದರದೇ ಅಚ್ಚು. ಕೋವಿ ಹೋಗಿದ್ದರೂ ಅದರ ನಳಿಗೆ ಎಷ್ಟಿತ್ತು ಅಂತ ಅಚ್ಚು ಇನ್ನೂ ಹೇಳುತ್ತದೆ. ನಮ್ಮ ಮನೆಯದನ್ನು ನಾನು ಅಳೆದಿದ್ದೇನೆ. ನಿಮ್ಮದು ಬಂದರೆ ಹೋಲಿಸೋಣ.